ವಿಮಾನದೊಳಗಿನ ಕಾರ್ಪೆಟ್: ‘ಫೈರ್‌ಪ್ರೂಫ್’ ಎಂದರೆ ಸುಡುವುದೇ ಇಲ್ಲವೇ?

‘ಮನೆಯಲ್ಲೇ ವಿಮಾನ ಕಟ್ಟಿದ ಸಾಹಸಿ’ ಎಂಬ ವಿಡಿಯೊ ನಿಮ್ಮ ವಾಟ್ಸಾಪ್‌ಗೂ ಒಂದಲ್ಲ ಒಂದು ದಿನ ಬಂದಿರುತ್ತದೆ. ರೆಕ್ಕೆ, ಎಂಜಿನ್ ತೋರಿಸಿದ ಮೇಲೆ ಕ್ಯಾಮೆರಾ ಒಳಗೆ ಹೋಗುತ್ತದೆ. ನೆಲಕ್ಕೆ ಮೆತ್ತನೆಯ ಕಾರ್ಪೆಟ್, ಗೋಡೆಗೂ ಅದೇ ಬಣ್ಣದ ಬಟ್ಟೆ. ಕೆಳಗೆ ಯಾರೋ ಬರೆದಿರುತ್ತಾರೆ: ‘ಕಾರಿಗೆ ಹಾಕಿಸೋ ಕಾರ್ಪೆಟ್ಟೇ ಸಾಕು, ಅದು ಫೈರ್‌ಪ್ರೂಫ್.’

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಎಲ್ಲಿ ನೋಡಿದರೂ ಕಾರು, ಟೆಂಪೊ, ಆಟೊಗಳಿಗೆ ಸೀಟು, ಕಾರ್ಪೆಟ್ ಹೊಲಿದುಕೊಡುವ ಅಂಗಡಿಗಳಿವೆ. ಅಂಥ ಒಂದು ಅಂಗಡಿಗೆ ನಾಳೆ ಒಬ್ಬರು ಬಂದು, “ಅಣ್ಣಾ, ನಾನೊಂದು ಸಣ್ಣ ವಿಮಾನ ಕಟ್ತಾ ಇದೀನಿ. ಒಳಗೆ ಕಾರ್ಪೆಟ್ ಹಾಕಿಕೊಡ್ತೀರಾ?” ಎಂದು ಕೇಳಿದರು ಎಂದುಕೊಳ್ಳೋಣ. ಅಂಗಡಿಯವರು ಏನು ಕೇಳಬೇಕು? ಯಾವುದಕ್ಕೆ ಒಪ್ಪಬಾರದು? ಇದನ್ನು ವಿವರವಾಗಿ ನೋಡುತ್ತಾ ಹೋದರೆ ನಮ್ಮದೇ ಕಾರಿನ, ನಮ್ಮದೇ ಮನೆಯ ನೆಲಹಾಸಿನ ಬಗ್ಗೆಯೂ ಒಂದಷ್ಟು ತಿಳಿಯುತ್ತದೆ. ಹಾಗಾಗಿ ವಿಮಾನ ಕಟ್ಟುವ ಯೋಚನೆ ಇಲ್ಲದವರೂ ಮುಂದೆ ಓದಬಹುದು.

ಮನೆಯಲ್ಲಿ ವಿಮಾನ ಕಟ್ಟುವುದು ನಿಜವೇ?

ನಿಜ. ಕೇರಳದ ಆಲಪ್ಪುಳ ಮೂಲದ ಎಂಜಿನಿಯರ್ ಅಶೋಕ್ ತಾಮರಾಕ್ಷನ್ ಇಂಗ್ಲೆಂಡಿನಲ್ಲಿ ದಕ್ಷಿಣ ಆಫ್ರಿಕಾ ಕಂಪನಿಯ ಬಿಡಿಭಾಗಗಳ ಕಿಟ್ ತರಿಸಿ ‘ಸ್ಲಿಂಗ್ ಟಿಎಸ್‌ಐ’ ಎಂಬ 4 ಸೀಟಿನ ವಿಮಾನ ಕಟ್ಟಿದರು. 2022ರಲ್ಲಿ ಆ ಸುದ್ದಿ ಎಲ್ಲ ಗುಂಪುಗಳಲ್ಲೂ ಓಡಾಡಿತು. ಮುಂಬೈನಲ್ಲಿ ಪೈಲಟ್ ಅಮೋಲ್ ಯಾದವ್ ತಮ್ಮ ಮನೆಯ ತಾರಸಿಯ ಮೇಲೆಯೇ 6 ಸೀಟಿನ ವಿಮಾನ ಕಟ್ಟಿದರು. 2016ರಲ್ಲಿ ‘ಮೇಕ್ ಇನ್ ಇಂಡಿಯಾ’ ಪ್ರದರ್ಶನದಲ್ಲಿ ಅದನ್ನು ಜನ ನೋಡಿದರು. ಆದರೆ ಡಿಜಿಸಿಎಯಿಂದ ನೋಂದಣಿ ಸಿಕ್ಕಿದ್ದು 2017ರ ನವೆಂಬರ್‌ನಲ್ಲಿ.

ಫಾರ್ವರ್ಡ್‌ಗಳು ಈ ಕೊನೆಯ ಸಾಲನ್ನೇ ಬಿಟ್ಟುಬಿಡುತ್ತವೆ. ನಮ್ಮ ದೇಶದಲ್ಲಿ ವಿಮಾನ ಕಟ್ಟಿದ ಮಾತ್ರಕ್ಕೆ ಹಾರಿಸುವಂತಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ ನೋಂದಣಿ ಮತ್ತು ಅನುಮತಿ ಬೇಕು. ಒಳಗೆ ಏನು ಹಾಸಿದ್ದೀರಿ ಎಂಬುದೂ ಆ ವಿಮಾನದ ಸುರಕ್ಷತೆಯ ಭಾಗವೇ.

ವಿಮಾನಕ್ಕೆ ಕಾರ್ಪೆಟ್ ಯಾಕೆ ಬೇಕು?

ಅಂದಕ್ಕೆ ಎಂಬುದು ಅರ್ಧ ಉತ್ತರ. ಸಣ್ಣ ವಿಮಾನದ ನೆಲ ತೆಳುವಾದ ಅಲ್ಯೂಮಿನಿಯಂ ಹಾಳೆ, ಪ್ಲೈವುಡ್ ಅಥವಾ ಫೈಬರ್‌ನದ್ದು. ಬೆಂಗಳೂರಿನ ಎನ್‌ಎಎಲ್ ರೂಪಿಸಿದ 2 ಸೀಟಿನ ‘ಹಂಸ’ ವಿಮಾನದ ಮೈ ಇಂಥ ಫೈಬರ್‌ನದ್ದೇ. ಅದರ ಹೊಸ ರೂಪ ‘ಹಂಸ ಎನ್‌ಜಿ’ ಮೊದಲು ಹಾರಿದ್ದು 2021ರ ಸೆಪ್ಟೆಂಬರ್ 3ರಂದು. ಇಂಥ ನೆಲದ ಮೇಲೆ ಶೂ ತಿಕ್ಕಿದರೆ ಗೀರು ಬೀಳುತ್ತದೆ, ಕಾಲು ಜಾರುತ್ತದೆ, ಹಾಳೆ ಗಡಗಡ ಎನ್ನುತ್ತದೆ. ಕಾರ್ಪೆಟ್ ಇದನ್ನು ತಡೆಯುತ್ತದೆ. ಎಂಜಿನ್ನಿನ ಗುಡುಗನ್ನು ಮಾತ್ರ ಅದು ಹೆಚ್ಚೇನೂ ತಗ್ಗಿಸುವುದಿಲ್ಲ. ಅದಕ್ಕೆ ಪೈಲಟ್‌ಗಳು ಹೆಡ್‌ಸೆಟ್ ಹಾಕಿಕೊಳ್ಳುತ್ತಾರೆ.

ಈಗ ಒಂದೊಂದೇ ನಂಬಿಕೆ ನೋಡೋಣ.

ನಂಬಿಕೆ 1: ‘ಕಾರಿನ ಕಾರ್ಪೆಟ್ ಫೈರ್‌ಪ್ರೂಫ್, ವಿಮಾನಕ್ಕೂ ಅದೇ ಸಾಕು’

ಇದು ತಪ್ಪು. ಯಾಕೆ ಎಂದು ತಿಳಿಯಲು ಒಂದು ಬೆಂಕಿಕಡ್ಡಿ ನೆನಪಿಸಿಕೊಳ್ಳಿ. ಹೊತ್ತಿದ ತಲೆ ಮೇಲಿರುವಂತೆ ಹಿಡಿದರೆ ಕಡ್ಡಿ ನಿಧಾನಕ್ಕೆ ಉರಿಯುತ್ತದೆ, ಎಷ್ಟೋ ಸಲ ಆರಿಯೂ ಹೋಗುತ್ತದೆ. ತಲೆ ಕೆಳಗೆ ಮಾಡಿ ಹಿಡಿದರೆ ಬೆಂಕಿ ಸರಸರ ಮೇಲೇರಿ ಬೆರಳಿಗೆ ಬರುತ್ತದೆ. ಕಡ್ಡಿ ಅದೇ, ಹಿಡಿದ ರೀತಿ ಬೇರೆ. ಬಿಸಿಗಾಳಿ ಮೇಲಕ್ಕೆ ಹೋಗಿ ಮುಂದಿನ ಭಾಗವನ್ನು ಮೊದಲೇ ಕಾಯಿಸಿಬಿಡುತ್ತದೆ.

ಬಟ್ಟೆಯ ಬೆಂಕಿ ಪರೀಕ್ಷೆಯಲ್ಲೂ ಇದೇ ವ್ಯತ್ಯಾಸವಿದೆ. ಕಾರಿನ ಒಳಸಾಮಾನಿಗೆ ಅಮೆರಿಕದ ನಿಯಮದಲ್ಲಿರುವ ಪರೀಕ್ಷೆಯಲ್ಲಿ ತುಂಡನ್ನು ಅಡ್ಡಡ್ಡಲಾಗಿ ಹಿಡಿದು ಒಂದು ತುದಿಗೆ ಬೆಂಕಿ ತಾಗಿಸುತ್ತಾರೆ. ಬೆಂಕಿ ನಿಮಿಷಕ್ಕೆ 102 ಮಿಲಿಮೀಟರ್‌ಗಿಂತ ವೇಗವಾಗಿ ಹರಡದಿದ್ದರೆ ಪಾಸು. ನಮ್ಮ ದೇಶದ ವಾಹನಗಳಿಗೆ ಇರುವ ಐಎಸ್ 15061 ಮಾನದಂಡವೂ ವಾಹನದ ಒಳಸಾಮಾನು ಹೇಗೆ ಉರಿಯುತ್ತದೆ ಎಂಬುದರ ಬಗ್ಗೆಯೇ. 102 ಮಿಲಿಮೀಟರ್ ಅಂದರೆ ಸುಮಾರು 4 ಇಂಚು. ಗಮನಿಸಿ: ಪಾಸಾದ ತುಂಡು ಉರಿಯಬಹುದು. ನಿಧಾನವಾಗಿ ಉರಿಯಬೇಕು, ಅಷ್ಟೇ. ಕಾರು ಹೊತ್ತಿಕೊಂಡರೆ ಪಕ್ಕಕ್ಕೆ ನಿಲ್ಲಿಸಿ ಇಳಿಯಲು ಆ ಸಮಯ ಸಾಕು ಎಂಬುದು ಲೆಕ್ಕ.

ಆಕಾಶದಲ್ಲಿ ಪಕ್ಕಕ್ಕೆ ನಿಲ್ಲಿಸಲು ಜಾಗವಿಲ್ಲ. ಹಾಗಾಗಿ ಪ್ರಯಾಣಿಕ ವಿಮಾನದ ನೆಲಹಾಸಿಗೆ ಅಮೆರಿಕದ ನಿಯಮ ಬೇರೆಯೇ ಇದೆ. ತುಂಡನ್ನು ನೇತುಹಾಕಿ, ಕೆಳಗಿನಿಂದ 12 ಸೆಕೆಂಡು ಬೆಂಕಿ ಕೊಟ್ಟು ತೆಗೆಯುತ್ತಾರೆ. ಆಮೇಲೆ ಅದು ಸರಾಸರಿ 15 ಸೆಕೆಂಡಿನೊಳಗೆ ತಾನಾಗಿಯೇ ಆರಬೇಕು. ಸುಟ್ಟ ಉದ್ದ 8 ಇಂಚು ಮೀರಬಾರದು. ಉರಿಯುತ್ತಾ ತೊಟ್ಟಿಕ್ಕಿದ ಹನಿಗಳು 5 ಸೆಕೆಂಡಿನಲ್ಲಿ ಆರಬೇಕು.

ಅಮೆರಿಕದಂಥ ದೇಶದಲ್ಲಿ ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಈ ನಿಯಮ ಕಡ್ಡಾಯವಲ್ಲ. ಆದರೂ ತಿಳಿದವರು ಈ ಪರೀಕ್ಷೆ ಪಾಸಾದ ಕಾರ್ಪೆಟ್ಟನ್ನೇ ಕೊಳ್ಳುತ್ತಾರೆ. ಸಣ್ಣ ವಿಮಾನದಲ್ಲಿ ಎಂಜಿನ್ ಇರುವುದು ಪೈಲಟ್‌ನ ಪಾದದಿಂದ ಕೆಲವೇ ಅಡಿ ಮುಂದೆ, ನಡುವೆ ಒಂದು ತೆಳು ಲೋಹದ ಗೋಡೆ ಮಾತ್ರ. ಅಲ್ಲಿನ ಕಾರ್ಪೆಟ್ ನೆಲದಿಂದ ಗೋಡೆಗೂ ಹತ್ತುತ್ತದೆ. ಅಂದರೆ ಕಡ್ಡಿಯನ್ನು ತಲೆಕೆಳಗೆ ಹಿಡಿದ ಹಾಗೆ.

‘ಫೈರ್‌ಪ್ರೂಫ್’ ಎಂದು ಯಾರಾದರೂ ಹೇಳಿದರೆ ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಪರೀಕ್ಷೆ? ಅದರ ಕಾಗದ ಎಲ್ಲಿ?

ನಂಬಿಕೆ 2: ‘ಉಣ್ಣೆ ಬೇಗ ಹತ್ತಿಕೊಳ್ಳುತ್ತೆ, ಸಿಂಥೆಟಿಕ್ ಸೇಫು’

ಇದು ತಿರುಗುಮುರುಗು. ಇದಕ್ಕೆ ಉತ್ತರ ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಒಲೆಯ ಮುಂದೆ ಯಾರ ಸೀರೆಗಾದರೂ ಬೆಂಕಿ ಹತ್ತಿದರೆ, “ಕಂಬಳಿ ಹೊದಿಸ್ರೋ” ಎಂದು ಕೂಗುತ್ತಿದ್ದರು. ಚಾದರ ತನ್ನಿ ಎಂದು ಯಾರೂ ಹೇಳುತ್ತಿರಲಿಲ್ಲ.

ಕಾರಣ ಹೀಗಿದೆ. ನಾವು ಉಸಿರಾಡುವ ಗಾಳಿಯಲ್ಲಿ ಸುಮಾರು 21% ಆಮ್ಲಜನಕವಿದೆ. ಹತ್ತಿ ಬಟ್ಟೆಗೆ, ಅಗ್ಗದ ಕಾರ್ಪೆಟ್‌ಗಳಲ್ಲಿರುವ ಪಾಲಿಪ್ರೊಪಿಲೀನ್‌ಗೆ ಉರಿಯುತ್ತಲೇ ಇರಲು ಸುಮಾರು 18% ಸಾಕು. ಉಣ್ಣೆಗೆ ಸುಮಾರು 25% ಬೇಕು. ಅಷ್ಟು ಆಮ್ಲಜನಕ ಮಾಮೂಲಿ ಗಾಳಿಯಲ್ಲಿ ಇಲ್ಲ. ಹಾಗಾಗಿ ಬೆಂಕಿಯನ್ನು ತೆಗೆದರೆ ಉಣ್ಣೆ ಸಾಮಾನ್ಯವಾಗಿ ತಾನೇ ಆರುತ್ತದೆ. ಅದರೊಳಗೆ ಸಾರಜನಕವಿದೆ, ಗಾಳಿಯಿಂದ ಹೀರಿಕೊಂಡ ತೇವವೂ ಇರುತ್ತದೆ. ಸುಟ್ಟ ಜಾಗದಲ್ಲಿ ಉಬ್ಬಿದ ಕರಿ ಪದರ ಏಳುತ್ತದೆ, ಕರಗಿ ಹರಿಯುವುದಿಲ್ಲ.

ಪಾಲಿಪ್ರೊಪಿಲೀನ್ ಸುಮಾರು 165 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಕರಗಿದ್ದು ಉರಿಯುವ ಹನಿಯಾಗಿ ತೊಟ್ಟಿಕ್ಕಿ ಬೆಂಕಿಯನ್ನು ಇನ್ನೊಂದು ಕಡೆಗೆ ಒಯ್ಯುತ್ತದೆ. ಆಲೆಮನೆಯ ಒಲೆಯ ಮುಂದೆ ನಿಂತವರಿಗೆ ಇದು ಗೊತ್ತು. ಪಾಲಿಯೆಸ್ಟರ್ ಅಂಗಿಗೆ ಕಿಡಿ ಬಿದ್ದರೆ ತೂತಾಗಿ, ಅಂಚು ಗಟ್ಟಿ ಮಣಿಯಂತಾಗುತ್ತದೆ. ಅದೇ ಕರಗಿದ್ದು ಚರ್ಮಕ್ಕೆ ಅಂಟಿದರೆ ಗಾಯ ಆಳಕ್ಕೆ ಹೋಗುತ್ತದೆ. ಹಾಗೆ ಅಂಟಿದ ಬಟ್ಟೆಯನ್ನು ಎಳೆದು ಕೀಳಬಾರದು. ತಣ್ಣೀರು ಹರಿಸುತ್ತಾ ಆಸ್ಪತ್ರೆಗೆ ಹೋಗಬೇಕು.

ಉಣ್ಣೆಯೂ ಪೂರ್ತಿ ಸಾಧು ಅಲ್ಲ. ದೊಡ್ಡ ಬೆಂಕಿಯಲ್ಲಿ ಅದೂ ಸುಡುತ್ತದೆ. ಆಗ ಬರುವ ಹೊಗೆಯಲ್ಲಿ ನೈಲಾನ್, ಫೋಮ್‌ಗಳ ಹೊಗೆಯಲ್ಲಿರುವ ಹಾಗೆಯೇ ಹೈಡ್ರೋಜನ್ ಸಯನೈಡ್ ಎಂಬ ವಿಷವಿರುತ್ತದೆ. 1985ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಿಲ್ದಾಣದಲ್ಲಿ ವಿಮಾನವೊಂದು ಹಾರುವ ಮುನ್ನವೇ ಹೊತ್ತಿಕೊಂಡಾಗ 55 ಜನ ಸತ್ತರು. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಹೊಗೆ. ಇಬ್ಬರು ಕೂರುವಷ್ಟು ಜಾಗದಲ್ಲಿ ಹೊಗೆ ತುಂಬಲು ಬಹಳ ಹೊತ್ತು ಬೇಕಿಲ್ಲ.

ನಂಬಿಕೆ 3: ‘ಒಂದು ಸಲ ಸ್ಪ್ರೇ ಹೊಡೆದರೆ ಮುಗಿಯಿತು’

ಅರ್ಧ ಸತ್ಯ. ಬೆಂಕಿ ನಿಧಾನಿಸುವ ಸ್ಪ್ರೇಗಳು ಇವೆ, ಕೆಲಸವನ್ನೂ ಮಾಡುತ್ತವೆ. ಆದರೆ ಅವುಗಳಲ್ಲಿ ಹಲವು ನೀರಿನಲ್ಲಿ ಕರಗುವ ಲವಣಗಳು. ಕಾರ್ಪೆಟ್ ತೊಳೆದರೆ, ಮಳೆನೀರು ಸೋರಿ ನೆನೆದರೆ ಅವೂ ಹೋಗುತ್ತವೆ. ಬಾಗಿಲ ಸಂದಿನಿಂದ ನೀರು ಬರದ ಸಣ್ಣ ವಿಮಾನ ಅಪರೂಪ.

ಇನ್ನೊಂದು ವಿಷಯ ಅಂಗಡಿಯವರಿಗೆ ಮುಖ್ಯ. ಸುಡುವುದು ಮೇಲಿನ ಉಣ್ಣೆ ಒಂದೇ ಅಲ್ಲ. ಅದರ ಬೆನ್ನಿಗಿರುವ ರಬ್ಬರ್ ಅಥವಾ ಲ್ಯಾಟೆಕ್ಸ್, ಅದರ ಕೆಳಗಿನ ಫೋಮ್, ಅಂಟಿಸಿದ ಗಮ್, ಅಂಚಿಗೆ ಹೊಲಿದ ಪಟ್ಟಿ, ಎಲ್ಲವೂ ಒಟ್ಟಿಗೆ ಸುಡುತ್ತವೆ. ಒಳ್ಳೆಯ ಉಣ್ಣೆಯ ಕೆಳಗೆ ಅಗ್ಗದ ಫೋಮ್ ಇಟ್ಟರೆ ಉಣ್ಣೆಗೆ ಕೊಟ್ಟ ಹಣ ದಂಡ. ಆದ್ದರಿಂದ ಹೇಗೆ ಹಾಕುತ್ತೀರೋ ಹಾಗೆಯೇ ಎಲ್ಲ ಪದರ ಸೇರಿಸಿದ ತುಂಡನ್ನು ಪರೀಕ್ಷೆಗೆ ಕೊಡಬೇಕು.

ಪರೀಕ್ಷೆ ಪಾಸಾದರೂ ಎಚ್ಚರ ಬೇಕು. 1998ರ ಸೆಪ್ಟೆಂಬರ್ 2ರಂದು ಕೆನಡಾದ ಕಡಲತೀರದ ಹತ್ತಿರ ಸ್ವಿಸ್‌ಏರ್ 111 ವಿಮಾನ ಬಿದ್ದು 229 ಜನ ಸತ್ತರು. ಶಾಖನಿರೋಧಕದ ಹೊದಿಕೆಯ ಮೂಲಕ ಬೆಂಕಿ ಹರಡಿತ್ತು. ಆ ಹೊದಿಕೆ ಅಂದಿನ ಪರೀಕ್ಷೆ ಪಾಸಾಗಿತ್ತು. ಆಮೇಲೆ ಅಂಥ ಸಾಮಗ್ರಿಗೆ ಇನ್ನಷ್ಟು ಕಠಿಣ ಪರೀಕ್ಷೆ ಬಂತು. ಯಾವ ಕಾಗದವೂ ‘ಇದು ಸುಡುವುದೇ ಇಲ್ಲ’ ಎಂದು ಹೇಳುವುದಿಲ್ಲ. ‘ಇಂಥ ಬೆಂಕಿಗೆ ಇಷ್ಟು ತಡೆಯಿತು’ ಎಂದಷ್ಟೇ ಹೇಳುತ್ತದೆ.

ನಂಬಿಕೆ 4: ‘ದಪ್ಪ ಇದ್ದಷ್ಟೂ ಒಳ್ಳೆಯದು’

ಮನೆಯ ಹಾಲಿಗೆ ಸರಿ, ವಿಮಾನಕ್ಕೆ ಅಲ್ಲ. ಲೆಕ್ಕ ನೋಡೋಣ. 2 ಸೀಟಿನ ವಿಮಾನದ ಒಳನೆಲ 2 ಚದರ ಮೀಟರ್ ಎಂದುಕೊಳ್ಳಿ. ಚದರ ಮೀಟರ್‌ಗೆ 2.5 ಕೆ.ಜಿ. ತೂಗುವ ಮನೆಬಳಕೆಯ ದಪ್ಪ ಕಾರ್ಪೆಟ್ ಹಾಕಿದರೆ 5 ಕೆ.ಜಿ. ಆಯಿತು. 600 ಗ್ರಾಂ ತೂಗುವ ತೆಳು ಕಾರ್ಪೆಟ್ ಆದರೆ 1.2 ಕೆ.ಜಿ. ವ್ಯತ್ಯಾಸ 3.8 ಕೆ.ಜಿ.

ಇಷ್ಟೇನಾ ಅನ್ನಿಸಬಹುದು. ಆದರೆ ಅನೇಕ ದೇಶಗಳಲ್ಲಿ ಇಂಥ ಹಗುರ ವಿಮಾನದ ಒಟ್ಟು ತೂಕದ ಮಿತಿ 600 ಕೆ.ಜಿ. ವಿಮಾನವೇ 350 ಕೆ.ಜಿ., ಇಬ್ಬರು ಜನ 150 ಕೆ.ಜಿ. ಎಂದರೆ ಪೆಟ್ರೋಲಿಗೂ ಚೀಲಕ್ಕೂ ಸೇರಿ ಉಳಿಯುವುದು 100 ಕೆ.ಜಿ. ಅದರಲ್ಲಿ 3.8 ಕೆ.ಜಿ. ಅಂದರೆ ಸುಮಾರು 5 ಲೀಟರ್ ಪೆಟ್ರೋಲ್. ಇಂಥ ವಿಮಾನ ಗಂಟೆಗೆ 15ರಿಂದ 20 ಲೀಟರ್ ಕುಡಿಯುತ್ತದೆ. ಹಾಗಾದರೆ ಕಾಲು ಗಂಟೆಯ ಹಾರಾಟ ಕಾರ್ಪೆಟ್‌ಗೆ ಹೋಯಿತು. ಮೋಡ ಕವಿದು ಬೇರೆ ನಿಲ್ದಾಣ ಹುಡುಕಬೇಕಾದಾಗ ಆ ಕಾಲು ಗಂಟೆಯ ಬೆಲೆ ಗೊತ್ತಾಗುತ್ತದೆ.

ತೂಕ ಎಲ್ಲಿದೆ ಎಂಬುದೂ ಮುಖ್ಯ. ಕಬ್ಬಿನ ಗಾಡಿ ಹೇರಿದವರಿಗೆ ಇದನ್ನು ಹೇಳಬೇಕಿಲ್ಲ. ಹಿಂಭಾರವಾದರೆ ನೊಗ ಎತ್ತಿನ ಕುತ್ತಿಗೆಯಿಂದ ಮೇಲೇಳುತ್ತದೆ. ವಿಮಾನಕ್ಕೂ ಹಾಗೆಯೇ. ಸೀಟಿನ ಹಿಂದಿನ ಚೀಲದ ಜಾಗಕ್ಕೆ ದಪ್ಪ ಕಾರ್ಪೆಟ್ ಹಾಕಿದರೆ ಬಾಲ ಭಾರವಾಗುತ್ತದೆ. ಬಾಲ ಭಾರವಾದ ವಿಮಾನದ ಮೂಗು ಮೇಲೇಳುತ್ತದೆ, ಹಿಡಿತ ತಪ್ಪಿದರೆ ಸರಿಪಡಿಸುವುದು ಕಷ್ಟ. ಅದಕ್ಕೇ ಒಳಗಿನ ಕೆಲಸವೆಲ್ಲ ಮುಗಿದ ಮೇಲೆ ವಿಮಾನವನ್ನು ಮತ್ತೆ ತೂಗಿ, ಭಾರದ ಕೇಂದ್ರ ಎಲ್ಲಿ ಬಂತು ಎಂದು ಲೆಕ್ಕ ಹಾಕಲೇಬೇಕು.

ನಂಬಿಕೆ 5: ‘ಪೂರ್ತಿ ಗಮ್ ಹಾಕಿ ಅಂಟಿಸಿದರೆ ಗಟ್ಟಿ’

ಗಟ್ಟಿ ನಿಜ, ಆದರೆ ಎರಡು ತೊಂದರೆ. ಮೊದಲನೆಯದು ನೀರು. ಕಾಲುವೆ ನೀರಿನ ನಮ್ಮ ಸೀಮೆಯಲ್ಲಿ ಮುಂಜಾನೆ ಇಬ್ಬನಿ, ತೇವ ಹೊಸದಲ್ಲ. ನೆನೆದ ಕಾರ್ಪೆಟ್, ಫೋಮ್ ಬೇಗ ಒಣಗುವುದಿಲ್ಲ. ಕೆಳಗೆ ಉಕ್ಕಿನ ಕೊಳವೆಯಿದ್ದರೆ ತುಕ್ಕು, ಅಲ್ಯೂಮಿನಿಯಂ ಆದರೆ ಬಿಳಿ ಪುಡಿಯಂಥ ಸವೆತ, ಪ್ಲೈವುಡ್ ಆದರೆ ಕೊಳೆ. ಮೇಲಿನಿಂದ ಏನೂ ಕಾಣುವುದಿಲ್ಲ. ಎರಡನೆಯದು ತಪಾಸಣೆ. ನೆಲದ ಕೆಳಗೆ ಕೇಬಲ್‌ಗಳು, ಇಂಧನದ ಕೊಳವೆಗಳು ಇರುತ್ತವೆ. ಅವನ್ನು ನೋಡುವ ಮುಚ್ಚಳಗಳ ಮೇಲೆ ಕಾರ್ಪೆಟ್ ಅಂಟಿಸಿದರೆ ಯಾರೂ ಬಿಚ್ಚಿ ನೋಡುವುದಿಲ್ಲ.

ಹಾಗೆಂದು ಸುಮ್ಮನೆ ಹಾಸಿಬಿಟ್ಟರೆ ಅದು ಇನ್ನೂ ಅಪಾಯ. 2009ರ ಆಗಸ್ಟ್‌ನಲ್ಲಿ ಅಮೆರಿಕದ ಸ್ಯಾನ್ ಡಿಯೇಗೊ ಬಳಿ ಒಂದು ಲೆಕ್ಸಸ್ ಕಾರಿನಲ್ಲಿ ಬೇರೆ ಮಾದರಿಯ ಕಾರಿನ ರಬ್ಬರ್ ಮ್ಯಾಟ್ ಹಾಕಲಾಗಿತ್ತು. ಆಕ್ಸಿಲರೇಟರ್ ಪೆಡಲ್ ಅದಕ್ಕೆ ಸಿಕ್ಕಿಕೊಂಡು ಕಾರು ನಿಲ್ಲಲಿಲ್ಲ. ಒಳಗಿದ್ದ ನಾಲ್ವರೂ ಸತ್ತರು. ಆಮೇಲೆ ಟೊಯೋಟಾ ಕಂಪನಿ ಅಲ್ಲಿ ಸುಮಾರು 38 ಲಕ್ಷ ಕಾರುಗಳ ಮ್ಯಾಟ್ ಮತ್ತು ಪೆಡಲ್ ವಿಚಾರವಾಗಿ ರೀಕಾಲ್ ಮಾಡಬೇಕಾಯಿತು. ವಿಮಾನದಲ್ಲಿ ಪೈಲಟ್‌ನ ಎರಡು ಕಾಲೂ ಪೆಡಲ್ ಮೇಲಿರುತ್ತವೆ. ಬಾಲದ ಚುಕ್ಕಾಣಿ ಆಡಿಸುವುದು, ನೆಲದ ಮೇಲೆ ತಿರುಗಿಸುವುದು ಅದರಿಂದಲೇ. ಕೈಯಲ್ಲಿ ಹಿಡಿಯುವ ಕಂಟ್ರೋಲ್ ಸ್ಟಿಕ್ ಕೂಡ ಎಷ್ಟೋ ವಿಮಾನಗಳಲ್ಲಿ ನೆಲದಿಂದಲೇ ಎದ್ದಿರುತ್ತದೆ. ಅಲ್ಲಿ ಕಾರ್ಪೆಟ್ ಮಡಿಸಿಕೊಂಡರೆ ಗತಿಯೇನು?

ಹಾಗಾದರೆ ಸರಿಯಾಗಿ ಹಾಕುವುದು ಹೇಗೆ?

ನಮ್ಮ ಅಂಗಡಿಯವರಿಗೆ ಈ ಕೆಲಸದ ಮುಕ್ಕಾಲು ಪಾಲು ಈಗಾಗಲೇ ಬರುತ್ತದೆ.

ಮೊದಲು ದಪ್ಪ ಕಾಗದದಲ್ಲಿ ಅಳತೆ ಕತ್ತರಿಸಿಕೊಳ್ಳಿ. ಇಡೀ ನೆಲಕ್ಕೆ ಒಂದೇ ತುಂಡು ಬೇಡ. ತಪಾಸಣೆಯ ಮುಚ್ಚಳಗಳು ಎಲ್ಲಿವೆ ಎಂದು ಮಾಲೀಕರಿಂದ ಗುರುತು ಹಾಕಿಸಿಕೊಂಡು, ಬಿಚ್ಚಲು ಬರುವಂತೆ ಮೂರ್ನಾಲ್ಕು ತುಂಡು ಮಾಡಿ.

ಕಾರ್ಪೆಟ್ ಕತ್ತರಿಸಿದ ಮೇಲೆ ಅಂಚಿಗೆ ಪಟ್ಟಿ ಕೊಟ್ಟು ಹೊಲಿಯಿರಿ. ಬಿಚ್ಚಿಕೊಂಡ ಒಂದು ದಾರ ಪೆಡಲ್ಲಿಗೆ ಸುತ್ತಿಕೊಂಡರೂ ಕಷ್ಟ.

ಹಿಡಿದಿಡಲು ವೆಲ್ಕ್ರೊ ಪಟ್ಟಿ ಬಳಸಿ. ಒರಟು ಭಾಗ ನೆಲಕ್ಕೆ, ಮೆತ್ತನೆಯದು ಕಾರ್ಪೆಟ್ ಬೆನ್ನಿಗೆ. ಪೆಡಲ್ ಹತ್ತಿರ ಬರುವ ಅಂಚಿನ ಉದ್ದಕ್ಕೂ ಪಟ್ಟಿ ಬೇಕು, ಮೂಲೆಗೆ ಮಾತ್ರ ಸಾಲದು. ಪಟ್ಟಿ ಅಂಟಿಸುವ ಗಮ್ಮಿನ ಆವಿಗೆ ಬೆಂಕಿ ಹತ್ತುತ್ತದೆ. ಬಾಗಿಲು ತೆರೆದಿಟ್ಟು, ಬೀಡಿ ಸಿಗರೇಟು ದೂರವಿಟ್ಟು ಕೆಲಸ ಮಾಡಿ.

ಎಂಜಿನ್ ಕಡೆಯ ಗೋಡೆಗೆ, ಬಿಸಿಗಾಳಿ ಬರುವ ಕೊಳವೆಯ ಸುತ್ತ ಮಾಮೂಲಿ ಕಾರ್ಪೆಟ್ ಹಾಕಿಕೊಡಿ ಎಂದರೆ ಒಪ್ಪಬೇಡಿ.

ಕೊನೆಗೆ ಮಾಲೀಕರನ್ನು ಶೂ ಹಾಕಿಸಿ ಸೀಟಿನಲ್ಲಿ ಕೂರಿಸಿ. ಎರಡೂ ಪೆಡಲ್ ಪೂರ್ತಿ ಒತ್ತಿ, ಸ್ಟಿಕ್ ನಾಲ್ಕೂ ದಿಕ್ಕಿಗೆ ಪೂರ್ತಿ ತಿರುಗಿಸಿ ನೋಡಲಿ. ಎಲ್ಲಿಯೂ ತಾಗಬಾರದು. ಹಾಕಿದ ಕಾರ್ಪೆಟ್ಟಿನ ತೂಕ ಒಂದು ಚೀಟಿಯಲ್ಲಿ ಬರೆದುಕೊಡಿ, ಒಂದು ತುಂಡನ್ನೂ ಜೊತೆಗೆ ಕೊಡಿ. ಮುಂದೆ ಯಾರಾದರೂ ಕೇಳಿದರೆ ಬೇಕಾಗುತ್ತದೆ.

ನಮಗೇನು ಉಪಯೋಗ?

2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದ್‌ಗೆ ಹೊರಟಿದ್ದ ಬಸ್ಸು ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಮೋರಿಗೆ ತಾಗಿ ಹೊತ್ತಿಕೊಂಡಿತು. 45 ಜನ ಸುಟ್ಟುಹೋದರು. ಬೆಂಕಿ ಹುಟ್ಟಿದ್ದು ಕಾರ್ಪೆಟ್‌ನಿಂದಲ್ಲ. ಆದರೆ ಮುಚ್ಚಿದ ಗಾಡಿಯೊಳಗೆ ಹೊರಬರಲು ಸಿಗುವ ಹೊತ್ತು ಎಷ್ಟು ಕಡಿಮೆ ಎಂಬುದಕ್ಕೆ ಅದು ಸಾಕ್ಷಿ. ಆ ಹೊತ್ತನ್ನು ಇನ್ನಷ್ಟು ಕಡಿಮೆ ಮಾಡುವ ಅಗ್ಗದ ಫೋಮು, ಪರದೆ, ನೆಲಹಾಸು ತುಂಬುವುದು ನಾವೇ.

ನಿಮ್ಮ ಮನೆಯ ಅಥವಾ ಕಾರಿನ ಕಾರ್ಪೆಟ್ ಯಾವುದು ಎಂದು ತಿಳಿಯಬೇಕೇ? ಬೆರಳುದ್ದದ ತುಂಡನ್ನು ಇಕ್ಕಳದಲ್ಲಿ ನೇತಾಡುವಂತೆ ಹಿಡಿದು, ಬಯಲಲ್ಲಿ, ಕೆಳಗೆ ಮರಳು, ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಂಡು ಕಡ್ಡಿ ಗೀರಿ ನೋಡಿ. ಮಕ್ಕಳು ಹತ್ತಿರ ಬೇಡ, ಹೊಗೆ ಮೂಸಲು ಬಗ್ಗಬೇಡಿ. ಕೂದಲು ಸುಟ್ಟ ವಾಸನೆ ಬಂದು, ತಾನೇ ಆರಿ, ಬೆರಳಲ್ಲಿ ಪುಡಿಯಾಗುವ ಕರಿ ಉಳಿದರೆ ಉಣ್ಣೆ. ಕರಗಿ, ಹನಿ ತೊಟ್ಟಿಕ್ಕಿ, ತಣ್ಣಗಾದ ಮೇಲೆ ಗಟ್ಟಿ ಮಣಿ ಉಳಿದರೆ ಪ್ಲಾಸ್ಟಿಕ್ ನೂಲು. ಇದು ಲ್ಯಾಬ್ ಪರೀಕ್ಷೆಗೆ ಬದಲಿ ಅಲ್ಲ, ವಿಮಾನಕ್ಕಂತೂ ಸಾಲದು. ಗ್ಯಾಸ್ ಒಲೆಯ ಹತ್ತಿರ, ದೇವರ ದೀಪದ ಕೆಳಗೆ ಏನು ಹಾಸಬಾರದು ಎಂದು ತಿಳಿಯಲು ಸಾಕು.

ಹಾಗೆಯೇ ಇವತ್ತು ಒಂದು ಕೆಲಸ ಮಾಡಿ. ನಿಮ್ಮ ಕಾರಿನ ಡ್ರೈವರ್ ಕಡೆಯ ಮ್ಯಾಟ್ ಎಳೆದು ನೋಡಿ. ಅದು ಸರಿದು ಪೆಡಲ್ ಮುಟ್ಟಿದರೆ, ಮ್ಯಾಟಿನ ಮೇಲೆ ಇನ್ನೊಂದು ಮ್ಯಾಟ್ ಇದ್ದರೆ, ಈಗಲೇ ತೆಗೆಯಿರಿ.

ಇನ್ನು ಮುಂದೆ ‘ಫೈರ್‌ಪ್ರೂಫ್’ ಎಂಬ ಫಾರ್ವರ್ಡ್ ಬಂದರೆ ಕಳಿಸಿದವರಿಗೆ ಬೈಯಬೇಡಿ. “ಯಾವ ಪರೀಕ್ಷೆ ಅಣ್ಣಾ, ಅಡ್ಡ ಹಿಡಿದೋ, ನೇತುಹಾಕಿಯೋ?” ಎಂದು ಒಂದೇ ಮಾತು ಕೇಳಿ. ಉತ್ತರ ಬರದಿದ್ದರೆ ಆ ಮೆಸೇಜು ನಿಮ್ಮಲ್ಲೇ ನಿಲ್ಲಲಿ.